ಗಫಾರ್ ಸಾಬ್ರು ಹೇಳದ ಮಾತು

ಗಫಾರ್ ಸಾಬ್ರು ಆ ಮಾತು ಹೇಳಲಿಲ್ಲ. ಹೇಳಿದವನು ನಾನು.

ಬರೆದು ನೋಡಿದರೆ ಎರಡೇ ಸಾಲು. ಇಷ್ಟನ್ನು ಬರೆಯಲು ನನಗೆ ನಲವತ್ತೆರಡು ವರ್ಷ ಹಿಡಿಯಿತು. ಈ ವರ್ಷಕ್ಕೆ ಮುಂಚೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ — ಹೆಂಡತಿಯ ಹತ್ತಿರವೂ. ಅವಳೂ ಆ ಮಾತನ್ನು ಹೇಳಿ ನಗುತ್ತಾಳೆ. ನಾನೂ ಜೊತೆಗೆ ನಗುತ್ತೇನೆ. ನಗುತ್ತಿದ್ದೆ.

"ದಾರಿ ಗೊತ್ತು ಬುದ್ದೀ, ಹೊಡೀಬೇಡಿ!"

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ — ಈ ನಾಲ್ಕು ತಾಲ್ಲೂಕಿನಲ್ಲಿ ಬೆಳೆದವರು ಇದನ್ನು ಕೇಳಿಯೇ ಇರುತ್ತಾರೆ. ಬೇರೆ ಕಡೆಯವರಿಗಾಗಿ ವಿವರಿಸುತ್ತೇನೆ. ಬುದ್ದಿ ಎಂದರೆ ನಮ್ಮ ಕಡೆ ಆಳು ಒಡೆಯನನ್ನು ಕರೆಯುವ ರೀತಿ. ಬಿಡದಿಯ ಕಾರ್ಖಾನೆ ಬಸ್ಸು ಎಲ್ಲೋ ತಪ್ಪು ತಿರುವು ತೆಗೆದುಕೊಂಡರೆ ಹಿಂದಿನ ಸೀಟಿನಿಂದ ಯಾರಾದರೂ ಎರಡೂ ಕೈ ಮುಗಿದು, ಮೂಗಿನಲ್ಲಿ ಅಳುವ ದನಿ ತೆಗೆದು ಇದನ್ನು ಹೇಳುತ್ತಾರೆ, ಬಸ್ಸೆಲ್ಲ ನಗುತ್ತದೆ. ಹೆಂಡತಿ ಗದರಿದರೆ ಗಂಡ ಹೇಳುತ್ತಾನೆ. ಮದುವೆ ಮನೆಯಲ್ಲಿ ಬೀಗರು ಹೇಳುತ್ತಾರೆ. ಒಂದೇ ಏಟಿಗೆ ಹೆದರಿ ಎಲ್ಲ ಒಪ್ಪಿಸಿಬಿಡುವ ಪುಕ್ಕಲನಿಗೆ ನಮ್ಮ ಕಡೆ ಹೆಸರೇ "ದಾರಿ ಗೊತ್ತು" ಎಂದಾಗಿದೆ.

ಅದೊಂದು ಹಳೆಯ ಸಿನಿಮಾದ ಮಾತು ಎಂದು ಎಲ್ಲರಿಗೂ ಗೊತ್ತು. ಅದನ್ನು ಹೇಳಿದವರು ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಗಫಾರ್ ಸಾಬ್ರು ಎಂದೂ ಬಹಳ ಜನಕ್ಕೆ ಗೊತ್ತು. ಎರಡನೆಯದು ಸುಳ್ಳು. ಮೊದಲನೆಯದೂ ಸುಳ್ಳು.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ. ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ. ಈಗ ನನ್ನಿಂದಾಗುವುದು ಅಷ್ಟೇ.

ರಾಮನಗರದ ಬಂಡೆ ಬೆಟ್ಟಗಳ ಬುಡದಲ್ಲಿ ಆ ಕಾಲಕ್ಕೆ ಆಗಾಗ ಶೂಟಿಂಗ್ ನಡೆಯುತ್ತಿತ್ತು. ನನಗೆ ಇಪ್ಪತ್ತೆರಡು ವರ್ಷ. ಒಂದು ಬೆಳಿಗ್ಗೆ ಹೋಗಿ ಗುಂಪಿನಲ್ಲಿ ನಿಂತಿದ್ದೆ. ರಾಜರ ಕಾಲದ ಕಥೆ. ಬೆಟ್ಟದ ಮೇಲಿನ ಕೋಟೆಯಲ್ಲಿ ಊರಿನ ಜನ ಅಡಗಿದ್ದಾರೆ. ಶತ್ರು ಸೈನಿಕರು ಕೆಳಗೆ ಒಬ್ಬ ಸೌದೆ ಕಡಿಯುವವನನ್ನು ಹಿಡಿದು, ಹೊಡೆದು, ಮೇಲೆ ಹೋಗುವ ದಾರಿ ಕೇಳುತ್ತಾರೆ. ಆ ಸೌದೆಯವನ ಪಾತ್ರಕ್ಕೆ ಬರಬೇಕಾದವನು ಬಂದಿರಲಿಲ್ಲ. ಡೈರೆಕ್ಟರು ಗುಂಪಿನ ಮೇಲೆ ಕಣ್ಣಾಡಿಸಿ, ನನ್ನ ಪಕ್ಕದಲ್ಲಿದ್ದವರನ್ನು ಬೆರಳು ಮಾಡಿ ಕರೆದರು. ಎತ್ತರದ, ಒಣಕಲು ಮೈಯ, ಮೂವತ್ತಾರರ ಆಸುಪಾಸಿನ ಮನುಷ್ಯ. ರಾಮನಗರದ ಒಂದು ಅಂಗಡಿಗೆ ಗೊಂಬೆಗಳ ಗಂಟು ಕೊಟ್ಟು ವಾಪಸಾಗುತ್ತಿದ್ದವರು, ಕುತೂಹಲಕ್ಕೆ ನಿಂತಿದ್ದರು. ಅವರೇ ಗಫಾರ್ ಸಾಬ್ರು. ಖಾಲಿ ಗಂಟಿನ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೋದರು.

ಅವರ ಎರಡೂ ಕೈಯನ್ನು ಹಿಂದಕ್ಕೆ ತಿರುಗಿಸಿ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದರು. ಇದನ್ನು ದಯವಿಟ್ಟು ನೆನಪಿಡಿ. ಮೊದಲನೇ ಸಲ ಅವರು ಕ್ಯಾಮೆರಾ ಕಡೆಗೇ ನೋಡಿಬಿಟ್ಟರು. ಎರಡನೇ ಸಲ ಚಾಟಿ ಬೀಸುವ ಮೊದಲೇ ಕಣ್ಣು ಮುಚ್ಚಿದರು. ಪ್ರತಿ ಸಲವೂ ಹಗ್ಗ ಬಿಚ್ಚಿ ಮತ್ತೆ ಕಟ್ಟಿದರು. ಮೂರನೇ ಸಲ —

ಚಾಟಿ ಗಾಳಿಯಲ್ಲಿ ಸದ್ದು ಮಾಡಿತು. ಅವರು ಅಲುಗಲಿಲ್ಲ. "ದಾರಿ ಗೊತ್ತು" ಅಂದರು. ಅಂದು, ನಿಲ್ಲಿಸಿದರು. ಒಂದು ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು. ಸೈನಿಕನ ಪಾತ್ರದವನು ಸಹ, ಇವನು ಹೇಳಿಬಿಡುತ್ತಾನೆ ಎಂಬಂತೆ, ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಅವರು ಅಂದರು:

"ಹೇಳಲ್ಲ."

ಅಷ್ಟೇ. ಅದೇ ಆ ಸಿನಿಮಾದ ಮಾತು. ದನಿ ಎತ್ತರಿಸಲಿಲ್ಲ. ಯಾರನ್ನೂ ಬುದ್ದಿ ಅನ್ನಲಿಲ್ಲ. ಗುಂಪಿನಲ್ಲಿ ಯಾರೋ ಚಪ್ಪಾಳೆ ಹೊಡೆದು ಬೈಸಿಕೊಂಡರು.

ವಾಪಸು ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟು. ಮಣಿಕಟ್ಟಿನ ಸುತ್ತ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ಅದನ್ನು ನನ್ನ ಮುಂದೆ ಹಿಡಿದು, "ನೋಡಪ್ಪ, ಸಿನಿಮಾದವ್ರು ನಂಗೆ ಬಳೆ ತೊಡ್ಸವ್ರೆ" ಎಂದು ನಕ್ಕರು. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

"ಹೆದ್ರಿದಂಗೆ ಕಾಣ್ತಿದ್ನಾ ನಾನು?"

"ಇಲ್ಲ ಸಾಬ್ರೇ. ಬಂಡೆ ನಿಂತಂಗಿತ್ತು" ಅಂದೆ.

ಈ ಉತ್ತರವನ್ನು ನಾನೇ ಕೊಟ್ಟೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗಿದ್ದ ಬಾಗಿಲನ್ನು ಆವತ್ತೇ ನಾನು ಮುಚ್ಚಿಕೊಂಡೆ.

ಮರುವರ್ಷ ಸಿನಿಮಾ ಬಂತು. ನಾನಾಗ ಒಂದು ಟೂರಿಂಗ್ ಟಾಕೀಸಿನಲ್ಲಿ, ನಾವು ಟೆಂಟು ಎನ್ನುತ್ತಿದ್ದೆವಲ್ಲ, ಅದರಲ್ಲಿ ಪ್ರಚಾರದ ಕೆಲಸಕ್ಕೆ ಸೇರಿದ್ದೆ. ಜಟಕಾ ಗಾಡಿಯ ಎರಡೂ ಪಕ್ಕಕ್ಕೆ ಬೋರ್ಡು ಕಟ್ಟಿ, ಮೇಲೆ ಒಂದು ಸ್ಪೀಕರ್ ಇಟ್ಟು, ಕರಪತ್ರ ತೂರುತ್ತ ಹಳ್ಳಿ ಹಳ್ಳಿ ಸುತ್ತುವುದು. ಮೈಕ್ ಹಿಡಿದು ಸಿನಿಮಾದ ಒಂದೆರಡು ಮಾತನ್ನು ಜೋರಾಗಿ ಹೇಳಬೇಕು. ಜನ ಅದನ್ನು ಕೇಳಿ ಸಂಜೆ ಟೆಂಟಿಗೆ ಬರಬೇಕು. ಜನ ನನ್ನನ್ನು ಮೈಕ್ ನಿಂಗ ಎಂದು ಕರೆಯುತ್ತಿದ್ದರು. ಟೆಂಟು ಒಂದು ಕಡೆ ಸ್ವಲ್ಪ ಕಾಲ ಇದ್ದು ಇನ್ನೊಂದು ಕಡೆಗೆ ಹೋಗುತ್ತಿತ್ತು. ಆ ವರ್ಷ ಮೊದಲು ಹೊಂಗನೂರು, ಆಮೇಲೆ ಸಾತನೂರು, ಕೊನೆಗೆ ಮಾಗಡಿ ಕಡೆ.

ಹೊಂಗನೂರಿನಲ್ಲಿ ನಾನು ಸರಿಯಾದ ಮಾತನ್ನೇ ಹೇಳಿದೆ. "ನಮ್ಮ ಚನ್ನಪಟ್ಟಣದ ಕಲಾವಿದರು ಅಭಿನಯಿಸಿರುವ ಚಿತ್ರ — ದಾರಿ ಗೊತ್ತು, ಹೇಳಲ್ಲ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಟೆಂಟು ಅರ್ಧವೂ ತುಂಬಲಿಲ್ಲ. ಸಾತನೂರಿಗೆ ಹೋಗುವಾಗ ಟೆಂಟಿನ ಯಜಮಾನರು ನನ್ನ ಮುಖ ನೋಡಿ, "ಒಸಿ ಜೀವ ಇಟ್ಟು ಕೂಗಯ್ಯ" ಅಂದರು. ಬೈಗುಳ ಅಷ್ಟೇ. ಅವರು ಬೇರೇನೂ ಹೇಳಿಕೊಡಲಿಲ್ಲ. ಇದನ್ನು ಅವರ ತಲೆಗೆ ಕಟ್ಟಲಾರೆ.

ಸಾತನೂರಿನ ಬಸ್ ನಿಲ್ದಾಣದ ಎದುರಿಗೆ ಒಂದು ಟೀ ಅಂಗಡಿ. ಬೆಳಗಿನ ಹಾಲು ಹಾಕಿ ಬಂದವರು ಖಾಲಿ ಕ್ಯಾನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ನಾನು ಗಾಡಿ ನಿಲ್ಲಿಸಿ ಎಂದಿನಂತೆ ಕೂಗಿದೆ. ಅವರಲ್ಲೊಬ್ಬ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಗ್ಲಾಸು ಕೆಳಗಿಟ್ಟ.

"ಏನ್ಲಾ ನಿಂಗ, ಹೇಳಲ್ಲ ಅಂದ್ಮೇಲೆ ನಾವ್ಯಾಕ್ಲಾ ಬರಾನ? ಹೇಳೋ ದಿನ ಬಂದು ಕರಿ, ಬತ್ತೀವಿ."

ಅಂಗಡಿಯೆಲ್ಲ ನಕ್ಕಿತು. ಇನ್ನೊಬ್ಬ ಸೇರಿಸಿದ: "ಅವ್ನಿಗೆ ದಾರಿನೂ ಗೊತ್ತಿಲ್ಲ, ಏನೂ ಇಲ್ಲ ಕಣ್ಲಾ. ಈ ಮೈಕ್ ನಿಂಗುನ್ ಥರಾನೆ. ಎರಡ್ ವಾರದಿಂದ ಕೂಗ್ತಾವ್ನೆ, ಟೆಂಟಲ್ಲಿ ಇವ್ನೂ ಒಂದ್ ನಾಯಿನೂ!"

ಮತ್ತೆ ನಗು. ಮೈಕ್ ಇನ್ನೂ ಚಾಲೂ ಇತ್ತು. ನನ್ನ ಉಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು. ಆಗ — ಯೋಚಿಸಿ ಮಾಡಿದೆನೇ? ನಿಧಾನವಾಗಿ ನೆನಪಿಸಿಕೊಂಡು ನೋಡಿದ್ದೇನೆ. ಯೋಚಿಸಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ನಾನು ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಮುಗಿದು, ಮಂಡಿ ಬಗ್ಗಿಸಿ, ಒಡೆಯರ ಮುಂದೆ ನಿಂತ ಆಳಿನ ಹಾಗೆ ಮೂಗಿನಲ್ಲಿ ಅತ್ತೆ:

"ದಾರಿ ಗೊತ್ತು ಬುದ್ದೀ, ಹೊಡೀಬೇಡಿ!"

ಟೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ಮೊದಲು ಆಡಿಕೊಂಡವನೇ ಎದ್ದು ಬಂದು ಜಟಕಾ ತಟ್ಟಿ, "ಇನ್ನೊಂದ್ಸಲ ಹೇಳ್ಲಾ!" ಅಂದ. ಹೇಳಿದೆ. ಮತ್ತೂ ಒಂದು ಸಲ ಹೇಳಿದೆ. ನಗು ನನ್ನ ಮೇಲಿತ್ತು. ಅದನ್ನು ಎತ್ತಿ ಅಲ್ಲಿಲ್ಲದ ಒಬ್ಬ ಮನುಷ್ಯನ ಮೇಲೆ ಹಾಕಿದೆ. ನಾನು ಮಾಡಿದ ಕೆಲಸ ಇದು. ಇದಕ್ಕಿಂತ ದೊಡ್ಡ ಹೆಸರು ಅದಕ್ಕೆ ಬೇಡ, ಚಿಕ್ಕದೂ ಬೇಡ.

ಅವತ್ತು ಸಂಜೆ ಟೆಂಟು ತುಂಬಿತು.

ಆ ದೃಶ್ಯ ಬಂದಾಗ ಏನಾಯಿತೆಂದರೆ — ತೆರೆಯ ಮೇಲೆ ಗಫಾರ್ ಸಾಬ್ರು ಬಾಯಿ ತೆರೆಯುವ ಮೊದಲೇ ಜನವೆಲ್ಲ ಒಟ್ಟಿಗೆ ನನ್ನ ಮಾತನ್ನು ಕೂಗಿದರು. ನೆಲದವರು, ಬೆಂಚಿನವರು, ಎಲ್ಲ. ಆಮೇಲೆ ಸಿಳ್ಳೆ. ಅವರು ನಿಜವಾಗಿ ಹೇಳಿದ್ದು ಆ ಸದ್ದಿನ ಕೆಳಗೆ ಹೋಯಿತು. ಡಬ್ಬಿಂಗಿಗೆ ಅವರನ್ನೇ ಕರೆಸಿದ್ದರು, ದನಿಯೂ ಅವರದ್ದೇ ಇತ್ತು. ಆದರೆ ಆ ದನಿಯನ್ನು ಸಾತನೂರಿನಲ್ಲಿ ಒಬ್ಬರೂ ಕೇಳಲಿಲ್ಲ. ಮಾರನೆಯ ದಿನವೂ ಹಾಗೇ. ಆಮೇಲೆ ಮಾಗಡಿ ಕಡೆಯೂ. ಸಿನಿಮಾ ನೋಡಿದ ಹಿರಿಯರು ಇವತ್ತು "ನಾವೇ ಕಿವಿಯಾರೆ ಕೇಳಿದ್ದೇವೆ" ಎನ್ನುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಕೇಳಿದ್ದಾರೆ. ತಮ್ಮದೇ ದನಿಯನ್ನು ಕೇಳಿದ್ದಾರೆ.

ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಕನಕಪುರದ ಒಬ್ಬ ಬೋರ್ಡು ಬರೆಯುವವನ ಹತ್ತಿರ ಹೊಸ ಬೋರ್ಡು ಬರೆಸಿದೆ. ಮಂಡಿಯೂರಿ, ಕೈ ಮುಗಿದು, ಕಣ್ಣಿನಲ್ಲಿ ನೀರು ಸುರಿಸುವ ಒಬ್ಬ ಮನುಷ್ಯ. ಕೆಳಗೆ ಆ ಮಾತು. ಅದನ್ನು ಗಾಡಿಗೆ ಕಟ್ಟಿದೆ.

ಗಫಾರ್ ಸಾಬ್ರು ಹೊಂಗನೂರಿಗೆ ಬರಲು ಆಗಿರಲಿಲ್ಲ. ಕೈಯಲ್ಲಿ ತುಂಬ ಕೆಲಸವಿತ್ತಂತೆ. ಸಿನಿಮಾ ಎಲ್ಲಿ ಹೊರಟುಹೋಗುತ್ತದೋ ಎಂದು ಒಂದು ಭಾನುವಾರ ಹೆಂಡತಿ ನೂರ್ ಜಹಾನ್ ಅವರನ್ನೂ ಏಳು ವರ್ಷದ ಮಗಳು ಶಮೀಮಳನ್ನೂ ಕರೆದುಕೊಂಡು ಬಸ್ಸಿನಲ್ಲಿ ಸಾತನೂರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ನನ್ನನ್ನು ನೋಡಿ ದೂರದಿಂದಲೇ ಕೈ ಎತ್ತಿದರು. ಆಮೇಲೆ ಗೇಟಿನ ಹತ್ತಿರ ನಿಂತ ಗಾಡಿಯ ಬೋರ್ಡು ನೋಡಿದರು. ಬಹಳ ಹೊತ್ತು ನೋಡಿದರು.

"ಇವನ್ಯಾರಪ್ಪ?" ಅಂದರು.

ಅವರಿಗೆ ಗುರುತು ಸಿಗಲಿಲ್ಲ. ಹೇಗೆ ಸಿಕ್ಕೀತು? "ಯಾರೋ — ಬೇರೆ ಸೀನಿಂದು" ಅಂದೆ. ಅಂದು, ಮೂವರನ್ನೂ ಒಳಗೆ ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಇನ್ನು ಒಂದು ಗಂಟೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂರಿಸಿದೆ.

ದೃಶ್ಯ ಬಂತು. ನಾನು ಪಕ್ಕದ ಕಂಬಕ್ಕೆ ಒರಗಿ ತೆರೆಯನ್ನು ನೋಡದೆ ಅವರನ್ನು ನೋಡುತ್ತಿದ್ದೆ. ತೆರೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ತಮ್ಮನ್ನು ಕಂಡು ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು. ಆಗ ಟೆಂಟು ಕೂಗಿತು.

ಅವರು ಹಿಂದಕ್ಕೆ ತಿರುಗಿ ನೋಡಿದರು — ಯಾರೋ ತಮ್ಮನ್ನು ಕರೆದರೇನೋ ಎಂಬ ಹಾಗೆ. ನಗುವ ಮುಖಗಳ ಮೇಲೆ ಅವರ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ತಿರುಗಿ ತೆರೆ ನೋಡುವಷ್ಟರಲ್ಲಿ ಅವರ ದೃಶ್ಯ ಮುಗಿದಿತ್ತು. ಪಕ್ಕದಲ್ಲಿ ಮಗು ಶಮೀಮ, ಎಲ್ಲರೂ ಅಪ್ಪನನ್ನು ಹೊಗಳುತ್ತಿದ್ದಾರೆ ಎಂದುಕೊಂಡಿತೋ ಏನೋ, ಎದ್ದು ನಿಂತು ಕೈ ಮುಗಿದು ಅದೇ ಮಾತನ್ನು ಕೂಗುತ್ತಿತ್ತು. ನೂರ್ ಜಹಾನ್ ಅದರ ಬಾಯಿಯ ಮೇಲೆ ಕೈ ಇಟ್ಟರು.

ಆಟ ಮುಗಿದ ಮೇಲೆ ಹೆಂಡತಿ ಮಗಳನ್ನು ದೂರ ನಿಲ್ಲಿಸಿ ಅವರೊಬ್ಬರೇ ನನ್ನ ಹತ್ತಿರ ಬಂದರು. ಬೈಯಲಿಲ್ಲ.

"ನಿಂಗರಾಜ, ನಾನು ಹಂಗಂದಿಲ್ಲ. ನೀನಲ್ಲೇ ಇದ್ದಲ್ಲಪ್ಪ. ನಾಳೆ ಒಂದ್ಸಲ ಮೈಕಲ್ಲಿ ಸರಿಯಾಗಿ ಹೇಳ್ಬುಡು. ಒಂದೇ ಸಲ."

"ಆಯ್ತು ಸಾಬ್ರೇ" ಅಂದೆ.

ಮಾರನೆಯ ದಿನ ಅದೇ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಮೈಕ್ ತೆಗೆದುಕೊಂಡೆ. "ಬಂದ ಕಣ್ರಲಾ ದಾರಿ ಗೊತ್ತು" ಎಂದು ಅವರು ಆಗಲೇ ನಗಲು ಶುರು ಮಾಡಿದ್ದರು. ನನ್ನ ಬಾಯಲ್ಲಿ ಸರಿಯಾದ ಮಾತು ಇತ್ತು. ಅಲ್ಲೇ, ನಾಲಿಗೆಯ ಮೇಲೆ ಇತ್ತು. ಅದನ್ನು ಹೇಳಿದರೆ ಅವರು ನಗು ನಿಲ್ಲಿಸುತ್ತಾರೆ ಎಂಬುದೂ ಗೊತ್ತಿತ್ತು. ನಾನು ಕೈ ಮುಗಿದೆ.

ಒಂದೇ ಸಲ ಕೇಳಿದ್ದರು. ಅದರ ನಂತರ ಟೆಂಟಿನಿಂದ ಆ ಸಿನಿಮಾ ಎತ್ತುವವರೆಗೆ ನಾನು ಅದನ್ನು ಎಷ್ಟು ಸಲ ಕೂಗಿದೆನೋ ಲೆಕ್ಕವಿಟ್ಟಿಲ್ಲ. ಅವರು ಮತ್ತೆ ಕೇಳಲಿಲ್ಲ.

ಮುಂದಿನದನ್ನು ಅರ್ಧ ಕಂಡಿದ್ದೇನೆ, ಅರ್ಧ ಕೇಳಿದ್ದೇನೆ. ಚನ್ನಪಟ್ಟಣದ ಸಂತೆಯಲ್ಲಿ ಅವರು ಹೋಗುತ್ತಿದ್ದರೆ ಬೆನ್ನ ಹಿಂದೆ ಯಾರಾದರೂ ಮೂಗಿನಲ್ಲಿ ಅಳುತ್ತಿದ್ದರು, ಇದನ್ನು ಕಂಡಿದ್ದೇನೆ. ಹಾಗೆ ಅಳುವವರಲ್ಲಿ ಅವರ ಬೀದಿಯವರೂ ಇದ್ದರು, ನಮ್ಮ ಬೀದಿಯವರೂ ಇದ್ದರು. ಮೊದಮೊದಲು ಅವರು ನಿಂತು, "ನಾನು ಹಂಗಂದಿಲ್ಲ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರಂತೆ. ಅದು ಇನ್ನೂ ತಮಾಷೆಯಾಯಿತು. "ಸತ್ಯ ಹೇಳ್ತೀನಿ ಬುದ್ದೀ, ಹೊಡೀಬೇಡಿ" ಎಂದು ಅದಕ್ಕೂ ಒಂದು ಬಾಲ ಸೇರಿತು. ಆಮೇಲೆ ಹೇಳುವುದನ್ನು ಬಿಟ್ಟರು. ಕೆಲವು ವರ್ಷ ಕಳೆದ ಮೇಲೆ ಜನ ನಕ್ಕರೆ ತಾವೂ ನಗತೊಡಗಿದರು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಅವರೂ ನಗುತ್ತಿದ್ದಾರಲ್ಲ, ಇನ್ನೇನು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಟೆಂಟುಗಳು ಹೋದವು. ನಾನು ಚನ್ನಪಟ್ಟಣದಲ್ಲಿ ಶಾಮಿಯಾನ, ಮೈಕ್ ಸೆಟ್ಟಿನ ಅಂಗಡಿ ಇಟ್ಟೆ. ಆ ಸಿನಿಮಾ ಟಿವಿಯಲ್ಲಿ ಒಮ್ಮೆಯೂ ಬರಲಿಲ್ಲ. ಪ್ರಿಂಟೇ ಉಳಿದಿಲ್ಲ ಎಂದು ಕೇಳಿದ್ದೇನೆ. ಹೋದ ವರ್ಷ ಊರಿನ ಹಳೆಯ ಸುದ್ದಿಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಾಕುವ ಒಬ್ಬರು ನನ್ನ ಅಂಗಡಿಗೆ ಬಂದರು. ಟೆಂಟಿನ ಕಥೆ ಕೇಳಿದರು, ಹೇಳಿದೆ. ಕೊನೆಯಲ್ಲಿ ಕೇಳಿದರು: "ಸಾರ್, ಆ ಡೈಲಾಗು ಸಿನಿಮಾದಲ್ಲಿ ನಿಜವಾಗ್ಲೂ ಹಂಗೇ ಇತ್ತಾ? ಜನ ಬದ್ಲಾಯಿಸಿದ್ದಾ?"

ಯಾರೂ ನನ್ನನ್ನು ನೋಡಿ ನಗುತ್ತಿರಲಿಲ್ಲ. ಕಳೆದುಕೊಳ್ಳುವ ಕೆಲಸವೂ ಇರಲಿಲ್ಲ. ಅರವತ್ತನಾಲ್ಕು ವರ್ಷದವನು, ನನ್ನದೇ ಅಂಗಡಿಯಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತಿದ್ದೆ.

"ಹಂಗೇ ಇತ್ತು" ಅಂದೆ. ಅಂದು, ಅವರು ಕೇಳದಿದ್ದರೂ, ಕೈ ಮುಗಿದು ಮಾಡಿ ತೋರಿಸಿದೆ.

ಸಾತನೂರಿನದನ್ನು ಚಿಕ್ಕ ವಯಸ್ಸು ಎಂದು ಯಾರಾದರೂ ಮನ್ನಿಸಬಹುದೇನೋ. ಇದನ್ನು ಯಾರು, ಯಾತಕ್ಕೆ —

ಈ ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಶಮೀಮ ನನ್ನ ಅಂಗಡಿಗೆ ಬಂದಳು. ಈಗ ಐವತ್ತರ ಹೆಂಗಸು. ಟೈಲರಿಂಗ್ ಮಾಡುತ್ತಾಳೆ, ತಂದೆಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಣ್ಣಾ, ನಿಮ್ ವಿಡಿಯೋ ನೋಡ್ದೆ. ಅಬ್ಬಂಗೂ ತೋರ್ಸ್ದೆ. ನಾನು ಚಿಕ್ಕೋಳಿದ್ದಾಗ ಅಬ್ಬ 'ಹಂಗಂದಿಲ್ಲ ಕಣಮ್ಮ' ಅಂತಿದ್ರು. ಏನಂದ್ರಿ ಅಂದ್ರೆ ಮಾತ್ರ ಸುಮ್ನಾಗೋರು. ನಿಮ್ ವಿಡಿಯೋ ನೋಡ್ಬುಟ್ಟು, 'ನೋಡ್ದಾ, ನಿಂಗನೂ ಹೇಳ್ತಾವ್ನೆ, ಅಂದಿರ್ತೀನಿ' ಅಂದ್ರು." ಅವಳು ಸೆರಗು ಸರಿಮಾಡಿಕೊಂಡಳು. "ಅವತ್ತು ಟೆಂಟಲ್ಲಿ ನಾನೂ ಕೂಗಿದ್ದೆ ಅಣ್ಣಾ. ನಂಗೊಂದು ಹೇಳಿ ಸಾಕು. ನಾನು ಕೂಗಿದ್ದು ನಿಜಾನಾ, ಸುಳ್ಳಾ?"

ನಾನು ಅಂಗಡಿಯ ಬಾಗಿಲು ಎಳೆದು ಅವಳ ಜೊತೆ ಹೊರಟೆ.

ಗಫಾರ್ ಸಾಬ್ರು ಜಗುಲಿಯಲ್ಲಿ ಕೂತಿದ್ದರು. ಎಪ್ಪತ್ತೆಂಟು ದಾಟಿದೆ. ಮರ ಕಡೆಯುವುದು ಈಗ ಆಗುವುದಿಲ್ಲ; ಮುಂದೆ ಒಂದು ಮೊರದಲ್ಲಿ ಅರಗಿನ ಬಣ್ಣ ಹಾಕಿದ ಗೊಂಬೆ ತಲೆಗಳನ್ನು ಇಟ್ಟುಕೊಂಡು ಬಿರುಕು ಬಿಟ್ಟವನ್ನು ಆರಿಸುತ್ತಿದ್ದರು. ನನ್ನನ್ನು ಕಂಡ ಕೂಡಲೆ ಮುಖ ಅರಳಿತು.

"ಬಾರೋ ಮೈಕ್!" ಅಂದರು. ಮೊರ ಪಕ್ಕಕ್ಕಿಟ್ಟರು. ಎರಡೂ ಕೈ ಮುಗಿದು, ತಲೆ ಓರೆ ಮಾಡಿ, ಮೂಗಿನಲ್ಲಿ ಅತ್ತರು: "ದಾರಿ ಗೊತ್ತು ಬುದ್ದೀ, ಹೊಡೀಬೇಡಿ!"

ನನಗಿಂತ ಚೆನ್ನಾಗಿ ಮಾಡಿದರು. ಮಾಡಿ, ಕೆಮ್ಮು ಬರುವವರೆಗೆ ನಕ್ಕರು. ಶಮೀಮ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

ಹೇಳಿದೆ. ಕ್ರಮವಾಗಿ ಹೇಳಲು ಆಗಲಿಲ್ಲ. ಟೀ ಅಂಗಡಿ, ಬೋರ್ಡು, ಮಾರನೆಯ ದಿನ, ವಿಡಿಯೋ, ಎಲ್ಲ ಒಂದರ ಮೇಲೊಂದು ಬಿತ್ತು. ಅವರು ತಲೆ ಅಲ್ಲಾಡಿಸುತ್ತ ಕೇಳಿದರು. ಮುಗಿದ ಮೇಲೆ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಒಳ್ಳೇವ್ನು ಕಣೋ ನೀನು. ಮುದುಕನ್ ಮನ್ಸಿಗೆ ಒಸಿ ಖುಷಿಯಾಗ್ಲಿ ಅಂತ ಹೇಳ್ತೀಯ. ನಾಲ್ಕ್ ತಾಲ್ಲೂಕಿನ್ ಜನ ಸುಳ್ಳು ಹೇಳ್ತಾರಾ? ಹೆದ್ರಿದ್ದೆ ಕಣೋ ನಾನು. ಆ ಚಾಟಿ ಬಿದ್ದೇ ಬೀಳ್ತೈತೆ ಅನ್ಕಂಡಿದ್ದೆ. ಅಂದ್ಬುಟ್ಟಿರ್ತೀನಿ ಬುಡು. ಶಮೀಮಾ, ಟೀ ಇಡಮ್ಮ."

ಅವರು ಬೈದರೆ ಹೇಗೆ ನಿಲ್ಲಬೇಕು, ಹೊಡೆದರೆ ಹೇಗೆ ನಿಲ್ಲಬೇಕು ಎಂದು ದಾರಿಯಲ್ಲಿ ಯೋಚಿಸಿದ್ದೆ. ಅವರು ನನ್ನನ್ನು ಒಳ್ಳೆಯವನು ಅನ್ನುತ್ತಾರೆ ಎಂದು ಯೋಚಿಸಿರಲಿಲ್ಲ. ಸತ್ಯವನ್ನು ಹೇಳಿದರೆ ಅದು ದಯೆಯಿಂದ ಹೇಳಿದ ಸುಳ್ಳಿನ ಹಾಗೆ ಕೇಳಿಸಿತು. ತೋರಿಸಲು ಪ್ರಿಂಟು ಇಲ್ಲ. ಶೂಟಿಂಗ್ ಕಂಡವರು ಸಿಗುವುದಿಲ್ಲ, ಹೊಂಗನೂರಿನಲ್ಲಿ ಕೇಳಿದ ಕೆಲವರೂ ಈಗ ನನ್ನ ಮಾತನ್ನೇ ಹೇಳುತ್ತಾರೆ. ಸಾಕ್ಷಿ ಇರುವುದು ಒಂದು ಬಾಯಿ. ಆ ಬಾಯಿ ಯಾವುದೆಂದು ನೀವು ಓದಿದ್ದೀರಿ.

ಅವರ ಕೈ ಇನ್ನೂ ನನ್ನ ಕೈಯ ಮೇಲಿತ್ತು. ಮಣಿಕಟ್ಟು ಕಾಣುತ್ತಿತ್ತು.

"ಸಾಬ್ರೇ, ಅವತ್ತು ಬಸ್ಸಲ್ಲಿ ನಂಗೆ ಬಳೆ ತೋರ್ಸಿದ್ರಿ" ಅಂದೆ.

"ಬಳೆ?"

"ಸಿನಿಮಾದವ್ರು ತೊಡ್ಸಿದ್ದು."

ಅವರು ನನ್ನನ್ನು ನೋಡಿದರು. ಆಮೇಲೆ ತಮ್ಮ ಮಣಿಕಟ್ಟನ್ನು ನೋಡಿಕೊಂಡರು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅದನ್ನು ಸುತ್ತಲೂ ನಿಧಾನವಾಗಿ ಉಜ್ಜಿದರು.

"ನಾರಿನ್ ಹಗ್ಗ" ಅಂದರು. "ಮೂರ್ ಸಲ ಕಟ್ಟಿದ್ರು. ಕಡೀತಿತ್ತು." ಇನ್ನೊಂದು ಮಣಿಕಟ್ಟನ್ನೂ ಮುಟ್ಟಿಕೊಂಡು, "ಹಿಂದಕ್ಕೆ" ಅಂದರು.

ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡು ಹೋಗತೊಡಗಿದರು. ಎಡ ಭುಜ ಬಗ್ಗಲಿಲ್ಲ. ಶಮೀಮ ಮುಂದೆ ಬಂದಳು. ಬೇಡ ಎಂದು ತಲೆ ಅಲ್ಲಾಡಿಸಿದರು. ಅರ್ಧಕ್ಕೆ ನಿಂತ ಕೈಯನ್ನು ಮತ್ತೆ ಎಳೆದರು. ಕೊನೆಗೆ ಒಂದು ಕೈ ಇನ್ನೊಂದನ್ನು ಹಿಡಿಯಿತು. 

"ಕಟ್ಟಿದ್ ಕೈಯಲ್ಲಿ" ಅಂದರು, "ಹೆಂಗೋ ಮುಗಿದೆ ನಾನು?"

ಅವರ ಮುಖದಿಂದ ನಗು ಹೋಗಿತ್ತು. ಆ ನಗು ಇಲ್ಲದೆ ಅವರನ್ನು ಎಷ್ಟೋ ವರ್ಷಗಳಿಂದ ನಾನು ನೋಡಿರಲಿಲ್ಲ ಎಂದು ಆಗ ತಿಳಿಯಿತು. ಸಮಾಧಾನ ಕೊಡಲು ಬಂದಿದ್ದೇನೆ ಎಂದುಕೊಂಡಿದ್ದೆ. ಅವರು ಹೇಗೋ ಕಟ್ಟಿಕೊಂಡಿದ್ದ ಒಂದು ಸಮಾಧಾನವಿತ್ತು — ಅಂದಿರ್ತೀನಿ ಬುಡು ಎಂಬುದು. ಅದನ್ನೂ ನಾನೇ ತೆಗೆದೆ.

"ನೂರ್ ಜಹಾನ್‌ಗೆ ನಾನೇ ಹೇಳ್ಬುಟ್ಟಿದ್ದೆ ಕಣೋ" ಅಂದರು. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. "ಕೇಳಿ ಕೇಳಿ ಸಾಕಾಗಿ, 'ಹಂಗೇ ಅಂದಿದ್ದು, ಬುಡು' ಅಂತ. ಅವ್ಳು ಹಂಗೇ ಅನ್ಕಂಡು ಹೋದ್ಲು."

ಇದಕ್ಕೆ ನಾನು ಏನು ಮಾಡಲಿ? ಏನೂ ಮಾಡಲಾರೆ. ಬರೆದಿಡುತ್ತೇನೆ, ಅಷ್ಟೆ.

ಆಗ ಶಮೀಮ ಕೇಳಿದಳು: "ಅಬ್ಬಾ, ಮತ್ತೆ ಏನಂದ್ರಿ ಅಲ್ಲಿ?"

ಅವರು ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಅವ್ನು ಹೇಳ್ಲಿ."

ಮೈಕ್ ಇರಲಿಲ್ಲ. ಕೇಳಲು ಇಬ್ಬರೇ ಇದ್ದರು. ಗಡಿಬಿಡಿಯಲ್ಲಿ ಅಂದೆ: "ದಾರಿ ಗೊತ್ತು ಹೇಳಲ್ಲ."

ಗಫಾರ್ ಸಾಬ್ರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೈ ಇನ್ನೂ ಹಿಂದೆಯೇ ಇತ್ತು.

"ಹಂಗಲ್ಲ" ಅಂದರು. "ಮಧ್ಯೆ ಒಸಿ ನಿಲ್ಸು."

ಮತ್ತೆ ಹೇಳಿದೆ. ಈ ಸಲ ನಿಲ್ಲಿಸಿದೆ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವವರೆಗೆ.

ಅವರು ಕಣ್ಣು ತೆರೆದರು. ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಆಮೇಲೆ, ಬಹಳ ಮೆಲ್ಲಗೆ, "ಈಗ ಹೋಗಪ್ಪ" ಅಂದರು. ಟೀ ಆಗಿತ್ತು. ಕುಡಿ ಎಂದು ಯಾರೂ ಹೇಳಲಿಲ್ಲ. ನಾನು ಎದ್ದು ಬಂದೆ.

ಕ್ಷಮಿಸಿದರೇ ಎಂದು ಕೇಳಲು ನಾನು ಮತ್ತೆ ಹೋಗಿಲ್ಲ. ಅದು ನನ್ನ ನೆಮ್ಮದಿಗೆ ಬೇಕಾದ ಪ್ರಶ್ನೆ. ಅವರಿಂದ ಇನ್ನೇನನ್ನೂ ಕೇಳುವ ಹಕ್ಕು ನನಗಿಲ್ಲ. ಮೊಬೈಲಿನವರನ್ನು ಕರೆಸಿ, ಹೋದ ವರ್ಷ ನಾನು ಹೇಳಿದ್ದು ಸುಳ್ಳು ಎಂದು ಹೇಳಿ ಚಿತ್ರೀಕರಿಸಿದ್ದೇನೆ. ಅದನ್ನು ಹೆಚ್ಚು ಜನ ನೋಡಿಲ್ಲ. ನೋಡಿದವರಲ್ಲಿ ಕೆಲವರು ಅದರ ಕೆಳಗೂ ಅದೇ ಮಾತು ಬರೆದು ನಕ್ಕಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಲಿಸಿದವನು ನಾನು.

ಒಂದೇ ಸಲ ಸರಿಯಾಗಿ ಹೇಳು ಎಂದು ಅವರು ಕೇಳಿದ್ದರು. ಅವತ್ತು ಸಾತನೂರಿನ ಆ ಟೀ ಅಂಗಡಿಯ ಮುಂದೆ ಆಗದೇ ಹೋದದ್ದನ್ನು ಈಗ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ನೀವು ಆ ಮಾತನ್ನು ಬಿಡುವುದಿಲ್ಲ, ಗೊತ್ತು. ನಾಲಿಗೆಗೆ ಹತ್ತಿದ್ದು ಹೋಗುವುದಿಲ್ಲ. ಆದರೆ ಇನ್ನು ಮುಂದೆ ಹೇಳುವಾಗ ಕೈ ಮುಗಿಯಬೇಡಿ. ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಹಿಡಿದುಕೊಳ್ಳಿ. ದಾರಿ ಗೊತ್ತು ಎನ್ನಿ. ಅಲ್ಲಿ ಒಸಿ ನಿಲ್ಲಿಸಿ.

ಆಮೇಲೆ ಅವರು ಹೇಳಿದ್ದನ್ನು ಹೇಳಿ.